ಹತ್ತು ಗಂಟೆಯ ಇಂಜೆಕ್ಷನ್‌ಗೆ ಹೋಗಬೇಡ

ತಮ್ಮಾ,

ಜಿಮ್ಮಿನಿಂದ ಬಂದ ಕೂಡಲೇ ಇದನ್ನು ಓದು. ಸ್ನಾನ, ತಿಂಡಿ ಎಲ್ಲ ಆಮೇಲೆ. ಹತ್ತು ಗಂಟೆಗೆ ಆ ಕ್ಲಿನಿಕ್ಕಿಗೆ ಹೋಗಬೇಡ. ಇವತ್ತಿನ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬೇಡವೇ ಬೇಡ.

ಮೊನ್ನೆ ನಾನು ಹಟ ಹಿಡಿದು ತೆಗೆದುಕೊಂಡ ನಿನ್ನ ರಕ್ತದ ರಿಪೋರ್ಟು ಈಗ ನಾನು ಕೆಲಸ ಮಾಡುವ ಲ್ಯಾಬಿನಿಂದ ಬಂತು. ಹಿಮೋಗ್ಲೋಬಿನ್ ಇಪ್ಪತ್ತೊಂದು, ಗಂಡಸರಿಗೆ ಹದಿನೇಳು ದಾಟಬಾರದು. ಮಷೀನು ಕೆಟ್ಟಿರಬೇಕು ಅಂತ ಇನ್ನೊಂದು ಸಲ ಮಾಡಿಸಿದೆ, ಅಷ್ಟೇ ಬಂತು. ಆ ಔಷಧಿಯಿಂದ ನಿನ್ನ ರಕ್ತ ಮಂದವಾಗಿದೆ ಕಣೋ. ಮುಖ ಕೆಂಪೇರಿದ್ದನ್ನು ಕ್ಲಿನಿಕ್ಕಿನವರು 'ಗಂಡಸಿನ ಕಳೆ' ಅಂದರಲ್ಲ, ಅದು ಇದೇ. ಆರು ತಿಂಗಳಲ್ಲಿ ಒಂದು ಸಲವೂ ಅವರು ರಕ್ತ ನೋಡಲಿಲ್ಲ.

ಸುಸ್ತು ಅಂತ ಆ ಇಂಜೆಕ್ಷನ್ ಶುರು ಮಾಡಿದೆ. ದಿನಕ್ಕೆ ಹನ್ನೆರಡು ಗಂಟೆ ಬಸ್ಸು ಓಡಿಸುವವನಿಗೆ ನಲವತ್ತಾರನೇ ವಯಸ್ಸಿಗೆ ಸುಸ್ತಾಗದೆ ಇನ್ನೇನಾಗುತ್ತೆ? ಬೈಯಲ್ಲ, ಬಿಡು. ನಿನ್ನೆ ಊಟಕ್ಕೆ ಕೂತಾಗ ನಿನ್ನ ಎಡಗೈಯಿಂದ ಲೋಟ ಜಾರಿತು. 'ವಯಸ್ಸಾಯ್ತಕ್ಕಾ' ಅಂತ ನೀನು ನಕ್ಕೆ. ನಾನೂ ನಕ್ಕೆ. ನಗಬಾರದಿತ್ತು.

ಡಿಪೋಗೆ ಹೇಳಿದ್ದೀನಿ, ಇವತ್ತು ನಿನಗೆ ರಜೆ. ಮನೆಗೆ ಬಂದರೆ ಸುಮ್ಮನೆ ಕೂತಿರು, ಇಬ್ಬರೂ ದೊಡ್ಡಾಸ್ಪತ್ರೆಗೆ ಹೋಗೋಣ. ಇಷ್ಟು ಮಂದವಾದ ರಕ್ತ ಮೆದುಳಿನಲ್ಲಿ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಮಾತು ತೊದಲಿದರೆ, ತಲೆ ಸುತ್ತಿದರೆ ನನಗಾಗಿ ಕಾಯಬೇಡ, ಎದುರು ಮನೆಯವರನ್ನು ಕೂಗು.

ನಿನ್ನ ಫೋನು ದಿಂಬಿನ ಪಕ್ಕದಲ್ಲೇ ಬಿದ್ದಿದೆ. ಜಿಮ್ಮಿಗೇ ಫೋನ್ ಮಾಡಿದೆ. ಆರು ಗಂಟೆಗೇ ಹೊರಟ ಅಂದರು. ಅಲ್ಲಿಂದ ಮನೆಗೆ ಹತ್ತು ನಿಮಿಷದ ದಾರಿ.

ಈಗ ಏಳೂಕಾಲು. ನೀನು ಬರುವ ದಾರಿಯಲ್ಲೇ ಹುಡುಕಿಕೊಂಡು ಹೊರಟಿದ್ದೀನಿ.

ಅಕ್ಕ