ಮುಂದಿನ ಕೋಣೆಯ ಪಾಠ

ಮುಂದಿನ ಕೋಣೆ,
ಮಾರ್ಚ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯಪ್ಪಾ? ಬೆನ್ನುನೋವು ಇಳಿಯಿತೇ? ಹೊಸ ಕಾಲೇಜಿನಲ್ಲಿ ನಾಲ್ಕು ಮಹಡಿ ಹತ್ತಬೇಕು ಎಂದು ಬರೆದಿದ್ದೆ. ಮೆಲ್ಲಗೆ ಹತ್ತು, ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಭಾನುವಾರ ಬಂದು ಅರಬ್ಬಿ ತರಗತಿಯ ಬೋರ್ಡು, ಬೆಂಚು ಎಲ್ಲ ಹೊಸ ಮೇಷ್ಟ್ರ ಮನೆಗೆ ಸಾಗಿಸುತ್ತೇನೆ, ಅಲ್ಲಿಯವರೆಗೆ ಕೋಣೆ ಮುಚ್ಚಿರಲಿ ಎಂದಿದ್ದೀಯ. “ಅಕ್ಕಾ, ನಿನಗ್ಯಾಕೆ ಊರ ಉಸಾಬರಿ?” ಎಂದು ಬೇರೆ. ಮುಚ್ಚಲಿಲ್ಲ ಕಣೋ. ಹೊಸ ಮೇಷ್ಟ್ರ ಪಾಠ ಬೆಳಗ್ಗೆ. ಆ ಹೊತ್ತಿಗೆ ನಿನ್ನ ಶಿಷ್ಯರಲ್ಲಿ ನರ್ಸಮ್ಮ ವಾರ್ಡಿನಲ್ಲಿ, ಬ್ರೆಡ್ಡಿನಣ್ಣ ಬೇಕರಿಯ ಒಲೆಯ ಮುಂದೆ. ಪರೀಕ್ಷೆ ಮುಂದಿನ ತಿಂಗಳು. ಅವರು ಎಲ್ಲಿಗೆ ಹೋಗಬೇಕು? ಅದಕ್ಕೇ ನಾನೇ ಪಾಠ ಶುರುಮಾಡಿದೆ. ನಗಬೇಡ. ಒಂಬತ್ತು ವರ್ಷ ಗೋಡೆಯ ಈಚೆ ಹೊಲಿಗೆ ಮೆಷಿನ್ ತುಳಿಯುತ್ತಾ ನಿನ್ನ ಪಾಠ ಕೇಳಿದವಳು ನಾನು. ನಿನ್ನ ಕಣ್ಣು ಕೆಟ್ಟಿದ್ದ ಎರಡು ವರ್ಷ ನೋಟುಬುಕ್ಕು ತಿದ್ದಿದ್ದು ಯಾರು? ನೀನು ಬರೀ ಸಹಿ ಹಾಕಿದೆ.

ಮೊದಲ ದಿನ ನಿನ್ನ ರಟ್ಟಿನ ಚೀಟಿಗಳನ್ನು ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟೆ. ಅರಬ್ಬಿ ಕ್ರಮದಲ್ಲಿ ಮೊದಲು ಕ್ರಿಯಾಪದ, ಆಮೇಲೆ ಕರ್ತೃ, ಕೊನೆಗೆ ಕರ್ಮ: ‘ಹೊಲಿದ ದರ್ಜಿ ಅಂಗಿಯನ್ನು.’ ಗಾಬರಿಯಲ್ಲಿ ಕೈ ಹಳೇ ಚಾಳಿಯಂತೆ ಎಡದಿಂದ ಶುರುಮಾಡಿಬಿಟ್ಟಿತು. ಅರಬ್ಬಿ ಓದುವಂತೆ ಬಲದಿಂದ ಓದಿದ ಬ್ರೆಡ್ಡಿನಣ್ಣ, “ಅಕ್ಕೋರೆ, ಅಂಗೀನೇ ಮುಂದೆ ಓಡ್ತಿದೆಯಲ್ಲಾ!” ಎಂದು ನಕ್ಕ. ಕಿವಿ ಬಿಸಿಯಾಯಿತು. ಒಂದು ಕ್ಷಣ ನೀನು ಹೇಳಿದ್ದೇ ಸರಿ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೂ ಎಲ್ಲ ಬಿಚ್ಚಿ ಬಲದಿಂದ ಕಟ್ಟಿದೆ. ದರ್ಜಿಗಳು ಹತ್ತು ಜನ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಎಲ್ಲರೂ ಕ್ರಿಯಾಪದಕ್ಕೂ ಬಹುವಚನ ಹಚ್ಚಿದರು. ಮುಂದೆ ನಿಂತ ಕ್ರಿಯಾಪದ ಏಕವಚನದಲ್ಲೇ ಇರುತ್ತದೆ, ಹಿಂದೆ ಎಷ್ಟು ಜನ ಬಂದರೂ ಜಗ್ಗುವುದಿಲ್ಲ ಎಂದೆ. ನಿನ್ನ ಹತ್ತಿರ ಮೂರು ಸಲ ಕೇಳಿಯೂ ತಲೆಗೆ ಹೋಗಿರಲಿಲ್ಲ ಎಂದಳು ನರ್ಸಮ್ಮ. ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಈ ವಯಸ್ಸಿನಲ್ಲಿ ಯಾರೋ ನನ್ನ ಮಾತನ್ನು ಬರೆದುಕೊಂಡರು.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ನಿನಗೆ ಒಳ್ಳೆಯದೇ ಆಗಲಿ.

ನಿನ್ನ
ಅಕ್ಕ

ತಾ.ಕ.: ಅಂಚೆಯವನು ಬಾಗಿಲಲ್ಲೇ ಕಾಯುತ್ತಿದ್ದಾನೆ. ಕೋಣೆಯ ಬೀಗ ಬದಲಾಯಿಸಿದ್ದೇನೆ, ನಿನ್ನ ಹತ್ತಿರ ಇರುವ ಕೀ ಇನ್ನು ಹೊಂದುವುದಿಲ್ಲ. ಭಾನುವಾರ ಬಂದರೆ ಬಾಗಿಲು ತಟ್ಟು. ಪಾಠ ಮುಗಿಸಿ ತೆರೆಯುತ್ತೇನೆ.