ಸೋಸಿದ ನೀರಿನಿಂದ ಬ್ಯಾಟರಿ ಸಿಡಿಯುವುದಿಲ್ಲ

ಸರ್ಕಾರಿ ವಾಹನಗಳ ದುರಸ್ತಿ ಶೆಡ್ಡಿನ ಉಸ್ತುವಾರಿ ಹೊತ್ತಿರುವ ಕಾರ್ಯನಿರ್ವಾಹಕ ಅಭಿಯಂತರರಿಗೆ,

ಮಾನ್ಯರೇ,

ಕಳೆದ ಶ್ರಾವಣದಲ್ಲಿ ತಮ್ಮ ಶೆಡ್ಡಿನ ಚಾರ್ಜಿಂಗ್ ಕೋಣೆಯಲ್ಲಿ ಜೀಪಿನ ಬ್ಯಾಟರಿ ಸಿಡಿದು ಕೆಲಸಗಾರ ನೇಮಿನಾಥನ ಬಲಗಣ್ಣು ಹೋಯಿತು. ಅವನು ಬ್ಯಾಟರಿಗೆ ಹಾಕುತ್ತಿದ್ದ ಸೋಸಿದ ಬಾವಿನೀರೇ ಇದಕ್ಕೆ ಕಾರಣ ಎಂದು ತಾವು ವರದಿ ಬರೆದು ಸಹಿ ಮಾಡಿದ್ದೀರಿ. ವರದಿ ಸುಳ್ಳು. ಅದನ್ನು ತಿದ್ದಿಸಲೆಂದೇ ಈ ಪತ್ರ.

ಮೊದಲು ನೇಮಿನಾಥನ ತಪ್ಪನ್ನು ಒಪ್ಪಿಬಿಡುತ್ತೇನೆ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಬೇಕು. 1984ರವರೆಗೆ ಅದು ಬೆಳಗಾವಿಯಿಂದ ಬಾಟಲಿಗಳಲ್ಲಿ ಬರುತ್ತಿತ್ತು. ಆಮೇಲೆ ನಿಂತಿತು. ಏಕೆ ನಿಂತಿತೆಂದು ಅವನು ಮೂರು ಅರ್ಜಿ ಕೊಟ್ಟ. ಉತ್ತರವಾಗಿ ಬಂದದ್ದು ಇಂಗ್ಲಿಷಿನ ಒಂದು ಸುತ್ತೋಲೆ. ಅದನ್ನು ಗೋಡೆಗೆ ಅಂಟಿಸಲಾಯಿತು, ಓದಿ ಹೇಳಲು ಯಾರೂ ಬರಲಿಲ್ಲ. ನೇಮಿನಾಥ ಜೈನ. ಕಣ್ಣಿಗೆ ಕಾಣದ ಜೀವವೂ ಹೊಟ್ಟೆಗೆ ಹೋಗಬಾರದೆಂದು ನೀರನ್ನು ಎರಡು ಪದರದ ಅರಿವೆಯಲ್ಲಿ ಸೋಸಿ, ಕಾಯಿಸಿ ಕುಡಿಯುವ ಮನೆತನ. ಲೋಕದಲ್ಲಿ ಇದಕ್ಕಿಂತ ಚೊಕ್ಕ ನೀರು ಇರಲಾರದೆಂದು ಅವನು ನಂಬಿದ್ದ. ಹಾಗಾಗಿ ಮನೆಯಿಂದ ಅದನ್ನೇ ತಂಬಿಗೆಯಲ್ಲಿ ತಂದು ಬ್ಯಾಟರಿಗಳಿಗೆ ಹಾಕಿದ. ನಮ್ಮ ಕಡೆಯ ಬಾವಿಗಳದು ಸವಳು ನೀರು. ಅದರ ಉಪ್ಪು ಅರಿವೆಯಲ್ಲಿ ನಿಲ್ಲುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅದರಿಂದ ಬ್ಯಾಟರಿಯ ಪ್ಲೇಟುಗಳು ಕೆಡುತ್ತವೆ, ಬ್ಯಾಟರಿ ಬೇಗ ಸಾಯುತ್ತದೆ. ಆದರೆ ಮನುಷ್ಯನ ಕಣ್ಣು ಹೋಗುವುದಿಲ್ಲ.

ಕಣ್ಣು ಹೋಗುವುದು ಹೇಗೆಂದು ಎಂಟನೆಯ ಇಯತ್ತೆಯ ಮಕ್ಕಳೂ ಬಲ್ಲರು. ಚಾರ್ಜಿಗೆ ಹಚ್ಚಿದ ಬ್ಯಾಟರಿಯಿಂದ ಜಲಜನಕ ಹೊರಬೀಳುತ್ತದೆ. ಗಾಳಿಯಾಡುವ ಕೋಣೆಯಾದರೆ ಅದು ಹಾರಿಹೋಗುತ್ತದೆ. ಮುಚ್ಚಿದ ಕೋಣೆಯಾದರೆ ಒಂದು ಕಿಡಿಗಾಗಿ ಕಾಯುತ್ತ ಕೂಡುತ್ತದೆ. ಶೆಡ್ಡು ಕಟ್ಟಿದಾಗ ಆ ಕೋಣೆಗೆ ಎರಡು ಕಿಟಕಿಗಳಿದ್ದುದನ್ನು ನಾನು ಕಂಡಿದ್ದೇನೆ. 1986ರಲ್ಲಿ ತಮ್ಮ ಹಿಂದಿನ ಸಾಹೇಬರ ಕೊಠಡಿಗೆ ಆಸಿಡ್ಡಿನ ವಾಸನೆ ಬರುತ್ತದೆಂದು ಎರಡನ್ನೂ ಇಟ್ಟಂಗಿ ಇಟ್ಟು ಮುಚ್ಚಿಸಲಾಯಿತು. ಸಾಹೇಬರ ಮೂಗು ಉಳಿಯಿತು. ಮರುವರ್ಷ ಯಾರೋ ಅಲ್ಲಿ ವಿದ್ಯುತ್ ಒಲೆಯ ಮೇಲೆ ಚಹಾ ಕಾಯಿಸಿದರೆಂದು ಚಾರ್ಜರಿನ ಸ್ವಿಚ್ಚನ್ನೇ ಕಿತ್ತು ಹೆಡ್ ಕ್ಲಾರ್ಕರ ಕೋಣೆಗೆ ಒಯ್ದರು. ಅಂದಿನಿಂದ ಬ್ಯಾಟರಿಯ ಕ್ಲಿಪ್ಪು ತೆಗೆಯುವ ಮುನ್ನ ಕರೆಂಟು ಬಂದ್ ಮಾಡಬೇಕಾದರೆ ನೇಮಿನಾಥ ಅಂಗಳ ದಾಟಿ ಹೋಗಿ, ಕ್ಲಾರ್ಕರ ಕೀಲಿಗಾಗಿ ಕಾಯಬೇಕು. ಇಂಥ ಏರ್ಪಾಟನ್ನು ತಮ್ಮ ಕಚೇರಿ ಯಾವ ಪುಸ್ತಕದಲ್ಲಿ ಓದಿ ಮಾಡಿತು?

ಆ ದಿನ ನಡೆದದ್ದನ್ನು ಜೀಪಿನ ಡ್ರೈವರ್ ರಾಜಾರಾಮನೇ ನನಗೆ ಹೇಳಿದ. ಕಡಿಮೆ ಆಂಪಿಯರಿನಲ್ಲಿ ಹತ್ತು ತಾಸು ನಿಧಾನವಾಗಿ ತುಂಬಬೇಕಾದ ಬ್ಯಾಟರಿಯನ್ನು ಎರಡೇ ತಾಸಿನಲ್ಲಿ ತುಂಬಿಸಬೇಕೆಂದು ತಮ್ಮ ಅಪ್ಪಣೆಯಾಗಿತ್ತು. ಬ್ಯಾಟರಿ ಕಾದು ಕುದಿಯುತ್ತಿತ್ತು. ತಮಗೆ ಐಗಳಿ ಊರಿಗೆ ಹೋಗುವ ಅವಸರ.

"ನೇಮಣ್ಣಾ, ಇನ್ನೂ ಎಷ್ಟೊತ್ತ? ಸಾಹೇಬ್ರು ಗಾಡ್ಯಾಗ ಕುಂತಾರ" ಎಂದು ರಾಜಾರಾಮ ಬಾಗಿಲಲ್ಲಿ ನಿಂತು ಕೇಳಿದ.

"ತಡಿಯೋ ಮಾರಾಯಾ. ಕ್ಲಾರ್ಕ ಬರ್ಲಿ, ಸ್ವಿಚ್ ಬಂದ್ ಮಾಡಿಸಿ ತಗೀತೇನಿ."

"ಅಂವಾ ಚಾಕ್ಕ ಹೋಗ್ಯಾನ. ಅಂವಾ ಬರೂತನಾ ಏನ್ ಸಾಹೇಬ್ರನ್ನ ಕುಂಡ್ರಿಸಿ ಗಾಡಿ ದೂಡಕೋತ ಹೋಗ್ಲ್ಯಾ?"

ನೇಮಿನಾಥ ನಕ್ಕನಂತೆ. ಹೊರಗೆ ಜೀಪಿನ ತಗಡನ್ನು ದಬದಬ ಬಡಿದ ಸದ್ದಾಯಿತು. ಹಾಗೆ ಬಡಿದ ಕೈ ರಾಜಾರಾಮನದಲ್ಲ, ಅವನು ಬಾಗಿಲಲ್ಲಿದ್ದ. ಯಾರದೆಂದು ತಮ್ಮ ವರದಿಯಲ್ಲಿ ಎಲ್ಲಿಯೂ ಇಲ್ಲ. ಕರೆಂಟು ಹರಿಯುತ್ತಿರುವಾಗಲೇ ನೇಮಿನಾಥ ಕ್ಲಿಪ್ಪು ಕಿತ್ತ. ಕಿಡಿ ಹಾರಿತು, ಬ್ಯಾಟರಿ ಸಿಡಿದು ಆಸಿಡ್ಡು ಮುಖಕ್ಕೆ ಎರಚಿತು. ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿಲ್ಲ, ಹತ್ತಿರ ತೊಳೆದುಕೊಳ್ಳಲು ಇದ್ದದ್ದು ಅದೇ ತಂಬಿಗೆಯ ನೀರು. ರಾಜಾರಾಮ ಅದನ್ನೇ ಅವನ ಮುಖಕ್ಕೆ ಸುರಿದ. ಅಷ್ಟನ್ನಾದರೂ ಸುರಿದದ್ದಕ್ಕೆ ಎಡಗಣ್ಣು ಉಳಿಯಿತೆಂದು ಮಿರಜಿನ ಡಾಕ್ಟರರು ಹೇಳಿದರು. ತಾವು ಅಪರಾಧಿ ಎಂದ ನೀರು ಮಾಡಿದ ಕೆಲಸ ಇದು.

ಹೋದ ವಾರ ಅವನನ್ನು ಕಾಣಲು ಹೋಗಿದ್ದೆ. ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದ.

"ನಂದ ತಪ್ಪರಿ, ಮಾಸ್ತರ. ಆ ನೀರು ಹಾಕಿದ್ನಲ್ಲ, ಅದಕ್ಕ ಒಡೀತು" ಎಂದ.

"ಯಾರು ಹೇಳಿದರು?"

"ಕಾಗದದಾಗ ಬರದಾರಲ್ರಿ, ಶಿಕ್ಕಾ ಹೊಡದು. ಸರ್ಕಾರ ಸುಳ್ಳ ಬರೀತೈತೇನ್ರಿ?"

ಒಳಗಿನಿಂದ ಅವನ ಹೆಂಡತಿ ಗಂಗೂಬಾಯಿ ಕೇಳಿದಳು: "ಏಳ ವರ್ಷ ಅದ ನೀರ ಹಾಕ್ಯಾರ. ಏಳ ವರ್ಷ ಯಾಕ ಒಡೀಲಿಲ್ಲಂತ ಆ ಸಾಹೇಬ್ರನ್ನ ಕೇಳ್ರಿ ಮಾಸ್ತರ."

ಕೇಳುತ್ತಿದ್ದೇನೆ, ಮಾನ್ಯರೇ. ಯಾಕೆ ಒಡೆಯಲಿಲ್ಲ?

ಗಂಗೂಬಾಯಿ ಇನ್ನೊಂದು ಮಾತನ್ನು ಗಂಡನಿಗೆ ಕೇಳದಂತೆ ಹೇಳಿದಳು. ಬುದ್ಧಿ ತಿಳಿದಾಗಿನಿಂದ ದಿನವೂ ತನ್ನ ಕೈಯಿಂದಲೇ ನೀರು ಸೋಸಿ ಕುಡಿದವನು ಈಗ ಆ ಅರಿವೆಯನ್ನು ಮುಟ್ಟುವುದಿಲ್ಲ. ಅವಳು ಸೋಸಿಟ್ಟರೆ ಆ ಕಡೆ ನೋಡುವುದಿಲ್ಲ. ಕೆಲವು ದಿನ ಬಾಯಾರಿಕೊಂಡೇ ಇರುತ್ತಾನೆ. ಕೋಣೆಯ ಅನಿಲ ಅವನ ಕಣ್ಣನ್ನು ಕಿತ್ತುಕೊಂಡಿತು, ತಮ್ಮ ವರದಿ ಅವನ ಧರ್ಮವನ್ನು ಕಿತ್ತುಕೊಂಡಿದೆ. ಯಾವುದಕ್ಕೆ ಪರಿಹಾರ ಹೆಚ್ಚೆಂದು ತಮ್ಮ ನಿಯಮಾವಳಿಯಲ್ಲಿ ಬರೆದಿದೆಯೇ?

ಅದೇ ಕೋಣೆಯಲ್ಲಿ ಈಗ ಜ್ಞಾನದೇವ ಎಂಬ ಹೊಸಬನನ್ನು ನಿಲ್ಲಿಸಿದ್ದೀರಿ. ಕಿಟಕಿಗಳು ಹಾಗೆಯೇ ಮುಚ್ಚಿವೆ; ಸ್ವಿಚ್ಚು ಕ್ಲಾರ್ಕರ ಕೋಣೆಯಲ್ಲಿಯೇ ಇದೆ. ಅವನು ಮುಂದಿನ ಬ್ಯಾಟರಿಯನ್ನು ಚಾರ್ಜಿಗೆ ಹಚ್ಚುವ ಮೊದಲು ಆ ಇಟ್ಟಂಗಿ ಕೀಳಿಸಿರಿ, ಸ್ವಿಚ್ಚನ್ನು ಅವನ ಕೈಗೆ ಎಟುಕುವಲ್ಲಿ ಇಡಿಸಿರಿ. ಇಷ್ಟು ತಮ್ಮ ಕಚೇರಿಯ ಕೆಲಸ.

ಇನ್ನೊಂದು ತಮ್ಮ ಸ್ವಂತದ ಕೆಲಸ. ನೇಮಿನಾಥನಿಗೆ ಒಂದು ಸಾಲು ಬರೆಯಿರಿ: ನೀರಿನಿಂದ ಅಲ್ಲ, ನಮ್ಮಿಂದ ಆಯಿತು ಎಂದು. ಕನ್ನಡದಲ್ಲಿ ಬರೆದು ಶಿಕ್ಕಾ ಹೊಡೆದು ಕಳಿಸಿರಿ. ನಾನು ಇದನ್ನೇ ಅವನಿಗೆ ನಾಲ್ಕು ಸಲ ಹೇಳಿದ್ದೇನೆ. ಅವನು ನನ್ನನ್ನು ನಂಬುವುದಿಲ್ಲ; ತಮ್ಮನ್ನು ನಂಬುತ್ತಾನೆ.

ಇಂತಿ,
ತಮ್ಮ ಕಚೇರಿಯ ಮೂವರಿಗೆ ವಿಜ್ಞಾನ ಕಲಿಸಿದೆನೆಂದು ತಿಳಿದಿದ್ದ ಒಬ್ಬ ನಿವೃತ್ತ ಮಾಸ್ತರ
ಕುಡಚಿ, ನವೆಂಬರ್ 1991