ಕುದುರೆ ಹಿಂಗಾಲು ಕೊಟ್ಟಿತು

ಅಕ್ಕಾ,

ಗೆದ್ದೆ ಕಣೇ! ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಆ ಹೆಣ್ಣು ಕುದುರೆ ಇವತ್ತು ತಾನಾಗಿ ಹಿಂಗಾಲೆತ್ತಿ ನನ್ನ ಕೈಗಿಟ್ಟಿತು. ಈ ಸಲವೂ ಲಾಳ ಕಟ್ಟಿಸಿಕೊಳ್ಳದಿದ್ದರೆ ಮಾರಿಬಿಡುವುದೆಂದು ಲಾಯದ ಯಜಮಾನರು ನಿರ್ಧರಿಸಿದ್ದರು. ತಿಂಗಳುಗಟ್ಟಲೆ ಕುದುರೆಯ ಪಕ್ಕ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಪದ್ಯ ಓದಿದ್ದು ಸಾರ್ಥಕವಾಯಿತು. ಇವತ್ತೂ ಕಾಲು ಹಿಡಿದುಕೊಂಡೇ ಪದ್ಯ ಹೇಳುತ್ತಿದ್ದೆ. ನಡುವೆ ಸಾಲು ಮರೆತು ಸುಮ್ಮನಾದೆ ನೋಡು, ಕುದುರೆ ಕಿವಿ ಹಿಂದಕ್ಕೆ ಮಡಚಿತು.

“ಮೇಡಂ, ನಿಲ್ಲಿಸ್ಬೇಡಿ! ಇನ್ನೊಂದು ಮೊಳೆ ಬಾಕಿ ಇದೆ!” ಎಂದು ಲಾಳ ಕಟ್ಟುವವನು ಕೂಗಿದ.

ಬಾಯಿಗೆ ಬಂದ ಮಗ್ಗಿ ಒಪ್ಪಿಸಿದೆ. ಅದಕ್ಕೂ ಕಿವಿಗೊಟ್ಟಿತು!

ಸೊಂಟ ಹಿಡಿದುಕೊಂಡಿದೆ, ಉಳಿದಂತೆ ಆರೋಗ್ಯ. ನಾನು ಪದ್ಯ ಶುರು ಮಾಡಿದರೆ ಎದ್ದು ಹೋಗುವ ಭಾವನವರಿಗೆ ಹೇಳು: ಕುದುರೆ ಕೊನೆಯ ಮೊಳೆಯವರೆಗೂ ಅಲ್ಲಾಡದೆ ನಿಂತಿತ್ತು.

ನಿನ್ನ ತಂಗಿ